ಪೇಪರ್ ಚೀಲ, ಕಾಫಿ ಬೀಜ, ಕೊಲ್ಹಾಪುರಿ ಚಪ್ಪಲಿ: ತರಗತಿಯಲ್ಲಿ ನ್ಯಾಯಯುತ ವ್ಯಾಪಾರದ ಪಾಠ

2023ರ ಫೆಬ್ರವರಿಯಲ್ಲಿ ಸೋಲಾಪುರದ ಮಾರುಕಟ್ಟೆಗೆ ರೈತರೊಬ್ಬರು 512 ಕೆಜಿ ಈರುಳ್ಳಿ ತಂದರು. ಕೆಜಿಗೆ ಒಂದು ರೂಪಾಯಿ ದರ ಸಿಕ್ಕಿತು. ಸಾಗಣೆ, ಹಮಾಲಿ, ತೂಕ ಎಂದೆಲ್ಲ ಸುಮಾರು 509 ರೂ. 50 ಪೈಸೆ ಕಳೆದ ಮೇಲೆ ಪಟ್ಟಿಯಲ್ಲಿ ಉಳಿದದ್ದು ಎರಡೂವರೆ ರೂಪಾಯಿ. ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದ ಸುದ್ದಿ ಇದು. ಮುಂಬಯಿಯ ಕನ್ನಡ ಶಾಲೆಯ ಏಳು, ಎಂಟನೆಯ ತರಗತಿಗೆ ನ್ಯಾಯಯುತ ವ್ಯಾಪಾರದ ಪಾಠ ಶುರುಮಾಡಲು ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗುವುದು ಕಷ್ಟ. ಬೋರ್ಡಿನ ಮೇಲೆ ಪಟ್ಟಿ ಬರೆಯಿರಿ, ಶೇಕಡಾವಾರು ತೆಗೆಯಲು ಹೇಳಿ. ಖರ್ಚೇ ಶೇ. 99.5 ಎಂದು ಮಕ್ಕಳು ಕಂಡುಹಿಡಿಯುತ್ತಾರೆ.

ಆಗ ತರಗತಿಯಲ್ಲಿ ಮೊದಲು ಏಳುವ ಮಾತು 'ದಲಾಲಿ ಮೋಸ ಮಾಡಿದ' ಎಂಬುದು. ಅಲ್ಲಿಗೆ ನಿಲ್ಲಿಸಬೇಡಿ. ಅದೇ ಖರ್ಚು ಇಟ್ಟುಕೊಂಡು ದರವನ್ನು ಮಾತ್ರ ಕೆಜಿಗೆ 15 ರೂ. ಮಾಡಿಸಿ. ಒಟ್ಟು 7,680 ರೂ., ಖರ್ಚು ಶೇ. 7ಕ್ಕೂ ಕಡಿಮೆ. ಹಮಾಲಿಯೂ ಲಾರಿ ಬಾಡಿಗೆಯೂ ಚೀಲದ ಲೆಕ್ಕದಲ್ಲಿ ಕೊಡುವಂಥವು. ಈರುಳ್ಳಿಯ ಬೆಲೆ ಬಿದ್ದರೆ ಅವು ಬೀಳುವುದಿಲ್ಲ. ಬೆಲೆ ಕುಸಿದಾಗ ಅದರ ಪೂರ್ತಿ ಏಟು ಸರಪಳಿಯ ಮೊದಲ ಕೊಂಡಿಯ ಮೇಲೆ ಬೀಳುತ್ತದೆ. ಹೊತ್ತವರೂ ಸಾಗಿಸಿದವರೂ ತಮ್ಮ ಕೂಲಿ ತಗೊಂಡೇ ತಗೊಳ್ಳುತ್ತಾರೆ, ತಗೊಳ್ಳಲೂಬೇಕು. ಮೋಸಗಾರನೊಬ್ಬನೂ ಇಲ್ಲದೆ ಅನ್ಯಾಯ ಆಗಬಹುದು ಎಂಬುದು ಮಕ್ಕಳಿಗೆ ಹೊಸ ವಿಚಾರ. ಇಡೀ ಪಾಠ ನಿಲ್ಲುವುದು ಇದರ ಮೇಲೆಯೇ.

ರಿಸರ್ವ್ ಬ್ಯಾಂಕಿನ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನಗಳ ಅಂಕಿಗಳನ್ನು ಪಕ್ಕದಲ್ಲೇ ಬರೆದಿಡಿ. ಗ್ರಾಹಕ ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ಸೇರುವುದು ಟೊಮೆಟೊದಲ್ಲಿ ಸುಮಾರು 33 ಪೈಸೆ, ಈರುಳ್ಳಿಯಲ್ಲಿ 36, ಆಲೂಗಡ್ಡೆಯಲ್ಲಿ 37. ಹಾಲಿನಲ್ಲಿ ಮಾತ್ರ ಸುಮಾರು 70. ಹಾಲು ಈರುಳ್ಳಿಗಿಂತ ಬೇಗ ಕೆಡುವ ಪದಾರ್ಥ, ಆದರೂ ಹೀಗೇಕೆ ಎಂದು ಕೇಳಿ, ಉತ್ತರ ಕೊಡದೆ ಬಿಡಿ. ಮುಂದಿನ ಆಟ ಮುಗಿಯುವ ಹೊತ್ತಿಗೆ ಸಹಕಾರ ಸಂಘ, ದಿನದಿನದ ಖರೀದಿ, ಮೊದಲೇ ಗೊತ್ತಿರುವ ದರ ಇವು ಅವರ ಬಾಯಿಂದಲೇ ಬರುತ್ತವೆ.

ಏನಿದು ನ್ಯಾಯಯುತ ವ್ಯಾಪಾರ

ಬೆಳೆಯುವವರು, ಕೈಯಿಂದ ಮಾಡುವವರು ಮತ್ತು ಕೊಳ್ಳುವವರ ನಡುವಿನ ಕರಾರು ಇದು. ಕರಾರಿನಲ್ಲಿ ಮುಖ್ಯವಾಗಿ ಇರುವುದು ಇಷ್ಟು: ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂಬ ಕನಿಷ್ಠ ದರ, ಅದರ ಮೇಲೆ ಸಂಘದ ಪೆಟ್ಟಿಗೆಗೆ ಸೇರುವ ಪ್ರೀಮಿಯಂ ಎಂಬ ಸಾಮೂಹಿಕ ಹಣ, ಕೇಳಿದರೆ ಮುಂಗಡ, ಬಾಲಕಾರ್ಮಿಕರನ್ನು ದುಡಿಸಬಾರದು, ಕೂಲಿಯಲ್ಲಿ ತಾರತಮ್ಯ ಮಾಡಬಾರದು ಎಂಬ ಷರತ್ತು, ಇದೆಲ್ಲ ನಡೆಯುತ್ತಿದೆಯೇ ಎಂದು ಹೊರಗಿನವರು ಬಂದು ಮಾಡುವ ತಪಾಸಣೆ. ಪ್ರೀಮಿಯಂ ಹಣವನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ತೀರ್ಮಾನಿಸುವುದು ಸಂಘದ ಸದಸ್ಯರ ಸಭೆ. ಕೊಳ್ಳುವ ಕಂಪನಿಗೆ ಅದರಲ್ಲಿ ಮಾತಿಲ್ಲ.

ಈ ಕರಾರು ಪಾಲಿಸಿದ ಸರಕಿಗೆ ಮುದ್ರೆ ಹಾಕಿ ಮಾರುವ ಪದ್ಧತಿ 1988ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಶುರುವಾಯಿತು. ಮೊದಲ ಸರಕು ಮೆಕ್ಸಿಕೋದ ಸಣ್ಣ ಬೆಳೆಗಾರರ ಸಂಘದ ಕಾಫಿ. ಬೇರೆಬೇರೆ ದೇಶಗಳ ಮುದ್ರೆಗಳೆಲ್ಲ 1997ರಲ್ಲಿ ಜರ್ಮನಿಯ ಬಾನ್ ನಗರದ ಒಂದು ಸಂಸ್ಥೆಯಡಿ ಸೇರಿದವು. ಇಂದಿನ ಫೇರ್‌ಟ್ರೇಡ್ ಮುದ್ರೆ ಅಲ್ಲಿಂದ ಬಂದದ್ದು. ಕರಕುಶಲಕ್ಕೆ ಹೆಚ್ಚು ಸಂಬಂಧಿಸಿದ ವಿಶ್ವ ಫೇರ್ ಟ್ರೇಡ್ ಸಂಘಟನೆ ಬೇರೆ, 1989ರದು. ಅದು ಒಂದು ಸರಕಿಗೆ ಮುದ್ರೆ ಕೊಡುವ ಬದಲು ಇಡೀ ಸಂಸ್ಥೆಯ ವ್ಯವಹಾರವನ್ನು ಹತ್ತು ತತ್ವಗಳ ಮೇಲೆ ಅಳೆಯುತ್ತದೆ. ಮಕ್ಕಳಿಗೆ ಇಷ್ಟು ಇತಿಹಾಸ ಸಾಕು. ಉಳಿದ ಸಮಯವೆಲ್ಲ ಕೈಕೆಲಸಕ್ಕಿರಲಿ.

ಪೇಪರ್ ಚೀಲದ ಆಟ

ರದ್ದಿ ಪೇಪರಿನಿಂದ ಚೀಲ ಮಾಡಿ ಮಾರುವ ಆಟ ಹಲವು ದೇಶಗಳ ಶಾಲೆಗಳಲ್ಲಿ ಬೇರೆಬೇರೆ ರೂಪದಲ್ಲಿದೆ. ಇಲ್ಲಿ ಕೊಟ್ಟಿರುವುದು 40 ಮಕ್ಕಳ ತರಗತಿಗೆ, ಎರಡು ಜೋಡಿ ಪೀರಿಯಡ್‌ಗಳಿಗೆ ಹೊಂದಿಸಿದ ರೂಪ. ಐದೈದು ಮಕ್ಕಳ ಎಂಟು 'ಮನೆ'ಗಳು. ಸಾಮಾನು: ಸುಮಾರು 5 ಕೆಜಿ ರದ್ದಿ, 100 ಗ್ರಾಂ ಮೈದಾ, ಎಂಟು ಸ್ಕೇಲು, ಎಂಟು ಹಳೆಯ ಬಟ್ಟಲು, ಆಟದ ನೋಟುಗಳು, ಪ್ರತಿ ಮನೆಗೆ ಒಂದು ಲೆಕ್ಕದ ಹಾಳೆ. ಪತ್ರಿಕೆಯ ಒಂದು ಎಲೆ, ಅಂದರೆ ಎರಡು ಬದಿಯೂ ಅಚ್ಚಾದ ಒಂದು ಹಾಳೆ, ಸುಮಾರು 33 × 52 ಸೆಂ.ಮೀ. ಇರುತ್ತದೆ, 7ರಿಂದ 8 ಗ್ರಾಂ ತೂಗುತ್ತದೆ. ಐದು ಕೆಜಿಯಲ್ಲಿ 650ರ ಹತ್ತಿರ ಸಿಗುತ್ತವೆ. ಮೂರು ಸುತ್ತಿಗೆ 560 ಹಾಳೆ ಬೇಕು, ಉಳಿದದ್ದು ಅಭ್ಯಾಸಕ್ಕೆ.

ಅಂಟು ಹಿಂದಿನ ದಿನ ಮಾಡಬೇಡಿ. ಮುಂಬಯಿಯ ಸೆಖೆಯಲ್ಲಿ ಒಂದೇ ರಾತ್ರಿಯಲ್ಲಿ ಹುಳಿವಾಸನೆ ಬರುತ್ತದೆ. ಬೆಳಿಗ್ಗೆ 100 ಗ್ರಾಂ ಮೈದಾವನ್ನು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಟ್ಟು 600 ಮಿ.ಲೀ. ನೀರು ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಬಿಳಿಬಣ್ಣ ಹೋಗಿ ಹೊಳಪು ಬಂದಾಗ ಇಳಿಸಿ. ತೆಳ್ಳಗಾದರೆ ಪೇಪರ್ ನೆನೆದು ಹರಿಯುತ್ತದೆ, ಗಟ್ಟಿಯಾದರೆ ಬೆರಳಿಗೆ ಉಂಡೆಕಟ್ಟುತ್ತದೆ. ಹುಳ ಹತ್ತದಿರಲೆಂದು ಅಂಟಿಗೆ ಮೈಲುತುತ್ತ ಹಾಕುವ ರೂಢಿ ಕೆಲವೆಡೆ ಇದೆ. ಅದು ವಿಷ, ಮಕ್ಕಳ ಕೈಗೆ ಹೋಗುವ ಅಂಟಿಗೆ ಖಂಡಿತ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಆಟ ಇಟ್ಟುಕೊಳ್ಳದಿರುವುದೇ ಒಳ್ಳೆಯದು, ಮಳೆಗಾಲದ ತೇವಕ್ಕೆ ತಳ ಒಣಗುವುದೇ ಇಲ್ಲ. ದೀಪಾವಳಿ ರಜೆಯ ನಂತರದ ತಿಂಗಳುಗಳು ಅನುಕೂಲ.

ಚೀಲ ಮಾಡುವ ಕ್ರಮ ಹೀಗೆ. ಹಾಳೆಯ ಉದ್ದ ಬದಿ ನಿಮ್ಮ ಮುಂದಿರಲಿ. ಎಡ, ಬಲ ಅಂಚುಗಳನ್ನು ನಡುವಿಗೆ ತಂದು 2 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಅಂಟಿಸಿ, 25 ಸೆಂ.ಮೀ. ಅಗಲದ ಕೊಳವೆ ಆಗುತ್ತದೆ. ಕೆಳಗಿನ 8 ಸೆಂ.ಮೀ. ಮೇಲಕ್ಕೆ ಮಡಿಸಿ, ಆ ಮಡಿಕೆಯನ್ನು ಬಿಡಿಸಿ ಎರಡೂ ಮೂಲೆಗಳನ್ನು ಒಳಗೆ ಚಪ್ಪಟೆಯಾಗಿ ಒತ್ತಿ. ಈಗ ಮೇಲೊಂದು, ಕೆಳಗೊಂದು ರೆಕ್ಕೆ ಉಳಿಯುತ್ತವೆ. ಎರಡನ್ನೂ ನಡುಗೆರೆ ದಾಟಿ ಒಂದು ಸೆಂ.ಮೀ. ಮುಂದೆ ಬರುವಂತೆ ಮಡಿಸಿ ಅಂಟಿಸಿ. ಅದೇ ತಳ. ಆಟಕ್ಕೆ ಮುಂಚೆ ಪ್ರತಿ ಮನೆಯೂ ಒಂದೆರಡು ಚೀಲ ಮಾಡಿ ಕೈ ಪಳಗಿಸಿಕೊಳ್ಳಲಿ.

ತಪ್ಪಾಗುವ ಜಾಗ ಸಾಮಾನ್ಯವಾಗಿ ಎರಡು. ಅಂಟು ಹೆಚ್ಚಾಗಿ ಒಳಗಿನ ಪದರಕ್ಕೂ ಹತ್ತಿ ಚೀಲ ತೆರೆಯದೆ ಹೋಗುವುದು. ರೆಕ್ಕೆಗಳು ನಡುವಲ್ಲಿ ಸೇರದೆ ತಳದಲ್ಲಿ ಕಿಂಡಿ ಉಳಿಯುವುದು. ಖರೀದಿದಾರ ತಿರಸ್ಕರಿಸುವುದೂ ಈ ಎರಡು ಕಾರಣಕ್ಕೇ. ಒಳಗೆ ಕಣ್ಣಿಟ್ಟು ಕಿಟಕಿಯ ಕಡೆ ಹಿಡಿದಾಗ ತಳದಲ್ಲಿ ಬೆಳಕು ಕಂಡರೆ ಆ ಚೀಲ ಹೊರಗೆ. ಈ ನಿಯಮವನ್ನು ಬೋರ್ಡಿನ ಮೇಲೆ ಬರೆದಿಡಿ. ಬರೆಯದಿದ್ದರೆ ಖರೀದಿದಾರನಾದ ಹುಡುಗ ತನ್ನ ಗೆಳೆಯರ ಚೀಲ ಪಾಸು ಮಾಡಿ ಉಳಿದವರದ್ದನ್ನು ಎಸೆಯುತ್ತಾನೆ, ಪೀರಿಯಡ್ ಜಗಳದಲ್ಲಿ ಮುಗಿಯುತ್ತದೆ. ಮೊದಲ ಸಲ ಆಡಿಸುವಾಗ ಖರೀದಿದಾರರ ಪಾತ್ರ ಟೀಚರ್ ಕೈಯಲ್ಲೇ ಇರಲಿ.

ಒಂದೊಂದು ಸುತ್ತು ಎಂಟು ನಿಮಿಷ, ಅದೇ ಒಂದು 'ದಿನ'. ಐದು ಹಾಳೆಗೆ 1 ರೂ., ಒಂದು ಸುತ್ತಿನ ಅಂಟಿಗೆ 1 ರೂ., ಮನೆಯ ದಿನದ ಖರ್ಚು 12 ರೂ. ಖರೀದಿದಾರ ಹತ್ತರ ಕಟ್ಟುಗಳನ್ನು ಮಾತ್ರ ಕೊಳ್ಳುತ್ತಾನೆ. ಬಿಡಿ ಚೀಲ ಮುಂದಿನ ದಿನಕ್ಕೆ. ಇವೆಲ್ಲ ಆಟದ ಅಂಕಿಗಳು, ಬಜಾರಿನ ದರವಲ್ಲ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಮೊದಲ ಸುತ್ತಿನಲ್ಲಿ ಕಟ್ಟಿಗೆ 10 ರೂ. ದರ. ಒಂದು ಮನೆ 20 ಚೀಲ ಮಾಡಿತು, 14 ಪಾಸಾದವು ಎನ್ನಿ. ಒಂದು ಕಟ್ಟು ಮಾರಿ 10 ರೂ., ಹಾಳೆಗೂ ಅಂಟಿಗೂ 5 ಹೋಗಿ ಉಳಿದದ್ದು 5. ಖರ್ಚು 12. ಸಾಲ 7 ರೂ. ನಾಲ್ಕು ಚೀಲ ಮಾರಾಟವಾಗದೆ ಉಳಿದವು. ಎರಡನೆಯ ಸುತ್ತಿಗೆ ಕೈ ಚುರುಕಾಗಿರುತ್ತದೆ: 25 ಮಾಡಿದರು, 22 ಪಾಸು, ಹಳೆಯ ನಾಲ್ಕು ಸೇರಿ 26. ಎರಡು ಕಟ್ಟು. ಆಗ ಖರೀದಿದಾರ 'ಮಾಲು ಜಾಸ್ತಿ ಬಂದಿದೆ, ಇವತ್ತು 8 ರೂಪಾಯಿ' ಎನ್ನುತ್ತಾನೆ. ಮಾರಾಟ 16, ಖರ್ಚು 6, ಉಳಿದದ್ದು 10, ಮತ್ತೆ 2 ರೂ. ಸಾಲ. ಇಲ್ಲಿ ಆಟ ನಿಲ್ಲಿಸಿ ಲೆಕ್ಕದ ಹಾಳೆ ತುಂಬಿಸಿ, ಒಂದೇ ಪ್ರಶ್ನೆ ಕೇಳಿ: ನೀವು ಮೊದಲಿಗಿಂತ ಚೆನ್ನಾಗಿ, ಬೇಗ ಕೆಲಸ ಮಾಡಿದಿರಿ, ಆ ಲಾಭ ಯಾರಿಗೆ ಹೋಯಿತು? ಈ ಹೊತ್ತಿಗೆ ಕೆಲವು ಮಕ್ಕಳಿಗೆ ನಿಜವಾಗಿ ಸಿಟ್ಟು ಬಂದಿರುತ್ತದೆ. ಅವರನ್ನು ಸಮಾಧಾನ ಮಾಡಲು ದರ ಏರಿಸುವ ಟೀಚರ್ ಪಾಠವನ್ನೇ ಕೆಡಿಸಿದಂತೆ. 'ಮಾರುವುದಿಲ್ಲ' ಎಂದು ಒಂದು ಮನೆ ಕೈಕಟ್ಟಿ ಕುಳಿತರೆ ಕೂರಲಿ. ಪಕ್ಕದ ಮನೆ ಅದೇ ಎಂಟು ರೂಪಾಯಿಗೆ ಮಾರುವುದನ್ನು ಅವರೇ ನೋಡುತ್ತಾರೆ.

ಮೂರನೆಯ ಸುತ್ತು ಎರಡನೆಯ ಜೋಡಿ ಪೀರಿಯಡ್‌ಗೆ. ನಾಲ್ಕು ಮನೆ ಸೇರಿ ಒಂದು ಸಂಘ, ಹೀಗೆ ಎರಡು ಸಂಘ. ಸಭೆಗೆ ಆರು ನಿಮಿಷ: ಕಾರ್ಯದರ್ಶಿಯ ಆಯ್ಕೆ, ನಡಾವಳಿ ಬರವಣಿಗೆ. ಈಗ ಇನ್ನೊಬ್ಬ ಖರೀದಿದಾರ ಬರುತ್ತಾನೆ. ಕಟ್ಟಿಗೆ 15 ರೂ., ಅದರ ಮೇಲೆ 2 ರೂ. ಪ್ರೀಮಿಯಂ ಸಂಘದ ಪೆಟ್ಟಿಗೆಗೆ. ಆದರೆ ಅವನು ಒಂದು ಸಂಘದಿಂದ ಆರು ಕಟ್ಟು ಮಾತ್ರ ಕೊಳ್ಳುತ್ತಾನೆ. ತಪಾಸಣೆಯ ಶುಲ್ಕ 10 ರೂ. ಸಂಘವೇ ಕಟ್ಟಬೇಕು. ಈ ಎರಡು ಷರತ್ತುಗಳನ್ನು ಬಿಟ್ಟುಬಿಡಬೇಡಿ. ಪ್ರಮಾಣಪತ್ರ ಇರುವ ಎಷ್ಟೋ ಸಂಘಗಳಿಗೆ ತಮ್ಮ ಬೆಳೆಯ ಒಂದು ಭಾಗವನ್ನಷ್ಟೇ ಆ ದರಕ್ಕೆ ಮಾರಲು ಸಾಧ್ಯವಾಗುತ್ತದೆ, ಉಳಿದದ್ದು ಮಾಮೂಲಿ ಮಾರುಕಟ್ಟೆಗೇ ಹೋಗುತ್ತದೆ. ಮುದ್ರೆ ಸಿಕ್ಕ ಕೂಡಲೇ ಕಷ್ಟವೆಲ್ಲ ಕಳೆಯಿತು ಎಂದು ಕಲಿಸಿದರೆ ಸುಳ್ಳು ಕಲಿಸಿದಂತಾಗುತ್ತದೆ.

ಲೆಕ್ಕ ನೋಡಿ. ನಾಲ್ಕು ಮನೆಗಳು ತಲಾ 25 ಮಾಡಿ 24 ಪಾಸಾದರೆ 96. ಪ್ರತಿ ಮನೆಯಲ್ಲಿ ಉಳಿದಿದ್ದ ಆರಾರು ಚೀಲ ಸೇರಿ 120. ಹನ್ನೆರಡು ಕಟ್ಟು. ಒಂದೊಂದು ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಬಿಡಿ ಚೀಲಗಳೂ ಒಟ್ಟುಗೂಡಿದಾಗ ಮಾಲಾದವು. ಮುದ್ರೆ ಬರುವ ಮೊದಲೇ ಸಂಘ ತಂದ ಲಾಭ ಅದು. ಆರು ಕಟ್ಟಿಗೆ 90, ಉಳಿದ ಆರಕ್ಕೆ ಹಳೆಯ ದರದಲ್ಲಿ 48, ಒಟ್ಟು 138. ಹಾಳೆ, ಅಂಟಿಗೆ 24, ಶುಲ್ಕ 10 ಕಳೆದರೆ 104. ಮನೆಗೆ 26. ದಿನದ ಖರ್ಚು 12, ಹಳೆಯ ಸಾಲ 9 ತೀರಿಸಿ 5 ರೂ. ಕೈಯಲ್ಲಿ ಉಳಿಯುತ್ತದೆ. ಪೆಟ್ಟಿಗೆಯಲ್ಲಿ 12 ರೂ. ಪ್ರೀಮಿಯಂ.

ಈಗ ಹುಟ್ಟುವ ಜಗಳವೇ ಈ ಆಟದ ಅತ್ಯಂತ ಬೆಲೆಯುಳ್ಳ ಭಾಗ. ಹೆಚ್ಚಿನ ದರದ ಆರು ಕಟ್ಟಿನಲ್ಲಿ ಯಾರ ಚೀಲ ಇರಬೇಕು? ಚೆನ್ನಾಗಿ ಮಾಡಿದ ಮನೆಗೂ ಸೋಮಾರಿ ಮನೆಗೂ ಒಂದೇ ಪಾಲೇ? ಪೆಟ್ಟಿಗೆಯ ಹನ್ನೆರಡು ರೂಪಾಯಿಯಲ್ಲಿ ಹಾಳೆ ಸಗಟು ಕೊಳ್ಳುವುದೋ, ಮನೆಮನೆಗೆ ಹಂಚುವುದೋ? ನಿಜವಾದ ಸಂಘಗಳ ಸಭೆಗಳಲ್ಲೂ ನಡೆಯುವ ಚರ್ಚೆ ಇದೇ. ಫೇರ್‌ಟ್ರೇಡ್ ಕಾಫಿಯಲ್ಲಿ ಪೌಂಡಿಗೆ 20 ಸೆಂಟ್ ಪ್ರೀಮಿಯಂ ಇದೆ, ಅದರಲ್ಲಿ ಕನಿಷ್ಠ 5 ಸೆಂಟ್ ಗುಣಮಟ್ಟ ಮತ್ತು ಇಳುವರಿ ಹೆಚ್ಚಿಸಲು ವಿನಿಯೋಗವಾಗಬೇಕು ಎಂಬ ನಿಯಮವಿದೆ. ಮಕ್ಕಳು ತಮ್ಮದೇ ನಿಯಮ ಮಾಡಿ, ಕೈಯೆತ್ತಿ ಮತ ಹಾಕಿ, ನಡಾವಳಿಯಲ್ಲಿ ಬರೆಯಲಿ. ಇದಕ್ಕೆ ಹದಿನೈದು ನಿಮಿಷವಾದರೂ ಉಳಿಸಿಕೊಳ್ಳಿ, ಬೇಕಾದರೆ ಚೀಲ ಮಾಡುವ ಸಮಯವನ್ನು ಕಡಿತ ಮಾಡಿ.

ಒಂದು ಎಚ್ಚರಿಕೆ. ಧಾರಾವಿ, ಗೋವಂಡಿಯಂಥ ಕಡೆ ಎಷ್ಟೋ ಮನೆಗಳಲ್ಲಿ ಪೀಸಿನ ಲೆಕ್ಕದ ಕೆಲಸ ನಡೆಯುತ್ತದೆ. ಕಲಬುರಗಿ, ವಿಜಯಪುರ ಕಡೆಯಿಂದ ಬಂದ ಕುಟುಂಬಗಳ ಮಕ್ಕಳು ನಿಮ್ಮ ತರಗತಿಯಲ್ಲೇ ಇರಬಹುದು. ಸಂಜೆ ಅಮ್ಮನ ಜೊತೆ ಕುಳಿತು ಬಟ್ಟೆಯ ದಾರ ಕತ್ತರಿಸುವ ಹುಡುಗಿಗೆ ಇದು ಆಟವೇ ಅಲ್ಲ. 'ನಿಮ್ಮ ಮನೆಯಲ್ಲಿ ಎಷ್ಟು ಸಿಗುತ್ತದೆ' ಎಂದು ಎಲ್ಲರೆದುರು ಕೇಳಬೇಡಿ. ಸಾಲ ಹೆಚ್ಚಾದರೆ ಮಗಳ ಶಾಲೆ ಬಿಡಿಸಿ ಎಂಬ ಚೀಟಿ ಇರುವ ಆಟಗಳೂ ಇವೆ. ಆ ಚೀಟಿ ಇಲ್ಲಿ ಬೇಡ. 14 ವರ್ಷದೊಳಗಿನವರನ್ನು ದುಡಿಸಬಾರದು, ಅಪಾಯವಿಲ್ಲದ ಮನೆಯ ಕಸುಬಿನಲ್ಲಿ ಶಾಲೆಯ ಅವಧಿ ಮುಗಿದ ನಂತರ ಕೈಜೋಡಿಸುವುದಕ್ಕೆ ವಿನಾಯಿತಿ ಎಂಬ 2016ರ ತಿದ್ದುಪಡಿಯನ್ನು ಕಾನೂನಾಗಿ ತಿಳಿಸಿದರೆ ಸಾಕು. ಮಗು ತಾನಾಗಿ ಮನೆಯ ಕೆಲಸದ ಬಗ್ಗೆ ಹೇಳಿದರೆ ಅದನ್ನು ತಿಳಿದವರ ಮಾತೆಂದು ಗೌರವದಿಂದ ಕೇಳಿ. ಆ ವಿಷಯದಲ್ಲಿ ತರಗತಿಯಲ್ಲಿ ಹೆಚ್ಚು ಬಲ್ಲವರು ಅವರೇ.

ಮಾಡಿದ ಚೀಲಗಳನ್ನು ತಿಂಡಿ ಕಟ್ಟಲು ಕೊಡಬೇಡಿ. ಅಚ್ಚಿನ ಮಸಿ ಆಹಾರಕ್ಕೆ ಸೇರುತ್ತದೆಂದು ಆಹಾರ ಸುರಕ್ಷತಾ ಪ್ರಾಧಿಕಾರವೇ ಎಚ್ಚರಿಸಿದೆ. ಸ್ಟೇಷನರಿ ಅಂಗಡಿಗೆ, ಔಷಧ ಅಂಗಡಿಗೆ ಕೊಡಬಹುದು.

ಅಂಗೈಯಲ್ಲಿ ಅರವತ್ತೈದು ಬೀಜ

ಮಾಟುಂಗಾದ ಉಡುಪಿ ಹೋಟೆಲಿನ ಫಿಲ್ಟರ್ ಕಾಫಿ ಮುಂಬಯಿ ಕನ್ನಡದ ಮಕ್ಕಳಿಗೆ ಪರಿಚಿತ. ಆ ಕಾಫಿ ಬರುವುದು ಬಹುಪಾಲು ಕೊಡಗು, ಚಿಕ್ಕಮಗಳೂರು, ಹಾಸನದಿಂದ. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದೇ. ಹುರಿಯದ ಅರೇಬಿಕಾ ಬೀಜ ನೂರು ಗ್ರಾಂ ತರಿಸಿ. ಹತ್ತು ಗ್ರಾಂ ತೂಗಿ ಎಣಿಸಿದರೆ 65ರ ಆಸುಪಾಸು ಬರುತ್ತವೆ. ಒಂದು ಕಪ್ಪಿಗೆ ಬೇಕಾದದ್ದು ಇಷ್ಟೇ. ಕಪ್ಪಿಗೆ 10 ಗ್ರಾಂ ಪುಡಿ, ಚಿಕೋರಿ ಶೇ. 20 ಇದ್ದರೆ ಕಾಫಿ 8 ಗ್ರಾಂ. ಹುರಿಯುವಾಗ ತೂಕದಲ್ಲಿ ಆರನೆಯ ಒಂದು ಪಾಲು ಹೋಗುವುದರಿಂದ ಹಸಿ ಬೀಜ ಸುಮಾರು 10 ಗ್ರಾಂ. ಒಂದು ಕೆಜಿ ಬೀಜಕ್ಕೆ ಸುಮಾರು ಆರು ಕೆಜಿ ಹಣ್ಣು ಬೇಕು, ಆದ್ದರಿಂದ ಕಪ್ಪಿಗೆ 60 ಗ್ರಾಂ ಹಣ್ಣು. ಇದನ್ನೆಲ್ಲ ಮಕ್ಕಳೇ ತೂಗಿ, ಗುಣಿಸಿ ಕಂಡುಕೊಳ್ಳಲಿ.

ಆಮೇಲೆ ಕಪ್ಪಿನ ಬೆಲೆ 40 ರೂ. ಎಂದಿಟ್ಟುಕೊಂಡು ಐದು ಗುಂಪು ಮಾಡಿ: ಹಣ್ಣು ಕೀಳುವವರು, ಸಣ್ಣ ಬೆಳೆಗಾರರು, ಕ್ಯೂರಿಂಗ್‌ನವರು (ಒಣಗಿದ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವವರು) ಮತ್ತು ವ್ಯಾಪಾರಿಗಳು, ಹುರಿದು ಪುಡಿ ಮಾಡುವವರು, ಹೋಟೆಲಿನವರು. ತಮ್ಮ ಕೆಲಸಕ್ಕೆ ಎಷ್ಟು ಸಿಗಬೇಕೆಂದು ಪ್ರತಿ ಗುಂಪೂ ಚೀಟಿಯಲ್ಲಿ ಬರೆಯಲಿ. ಕೂಡಿದರೆ 40 ದಾಟಿಯೇ ದಾಟುತ್ತದೆ. ಚೌಕಾಸಿ ಮಾಡಿ 40ಕ್ಕೆ ಇಳಿಸಲು ಹತ್ತು ನಿಮಿಷ ಕೊಡಿ. ಗಟ್ಟಿ ಗಂಟಲಿನ ಗುಂಪು ಗೆಲ್ಲುತ್ತದೆ. ಹಾಗೆ ಗೆದ್ದದ್ದನ್ನು ಬೋರ್ಡಿನ ಮೇಲೆ ಬಿಟ್ಟು, ಪಕ್ಕದಲ್ಲಿ ಲೆಕ್ಕ ಬರೆಯಿರಿ.

ಬೀಜದ ದರ ಕೆಜಿಗೆ 400 ರೂ. ಎಂದು ಹಿಡಿದರೆ 65 ಬೀಜಕ್ಕೆ 4 ರೂ. ಆ ದಿನದ ನಿಜದರವನ್ನು ಕಾಫಿ ಬೋರ್ಡಿನ ಜಾಲತಾಣದಿಂದ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಸಂಸ್ಕರಣೆ, ಹುರಿಯುವಿಕೆ, ಚಿಕೋರಿಗೆ 3 ರೂ. ಇರಲಿ. ನೂರು ಮಿ.ಲೀ. ಹಾಲಿಗೆ 6 ರೂ., ಸಕ್ಕರೆಗೆ ಐವತ್ತು ಪೈಸೆ. ಉಳಿದ ಇಪ್ಪತ್ತಾರೂವರೆ ರೂಪಾಯಿಯಲ್ಲಿ ಮಾಟುಂಗಾದ ಜಾಗದ ಬಾಡಿಗೆ, ಗ್ಯಾಸು, ಸಪ್ಲೈಯರ್, ಭಟ್ಟರು, ಲೋಟ ತೊಳೆಯುವವರ ಸಂಬಳ, ತೆರಿಗೆ, ಲಾಭ. ಹೋಟೆಲಿನವರು ಲೂಟಿಕೋರರೆಂದು ತೀರ್ಮಾನಿಸಿದ್ದ ಮಕ್ಕಳು ಇಲ್ಲಿ ಸ್ವಲ್ಪ ತಡೆಯುತ್ತಾರೆ. ಕೆಲವರ ಅಪ್ಪ, ಮಾವ ಕೆಲಸ ಮಾಡುವುದೂ ಅಂಥ ಹೋಟೆಲಿನಲ್ಲೇ. ಪಾಲು ಸಣ್ಣದಿದ್ದ ಮಾತ್ರಕ್ಕೆ ಅನ್ಯಾಯ ಎನ್ನಲಾಗದು; ಆ ಪಾಲಿನಲ್ಲಿ ಬೆಳೆದ ಖರ್ಚು ಹುಟ್ಟುತ್ತದೆಯೇ, ಬೆಲೆ ಬಿದ್ದ ವರ್ಷ ಮನೆ ನಡೆಯುತ್ತದೆಯೇ ಎಂದು ನೋಡಬೇಕು. ಕೀಳುವವರ ಲೆಕ್ಕ ಇನ್ನೂ ಸೂಕ್ಷ್ಮ: ದಿನಕ್ಕೆ 50 ಕೆಜಿ ಹಣ್ಣು, 500 ರೂ. ಕೂಲಿ ಎಂದು ಹಿಡಿದರೆ ಆ ಹಣ್ಣು 830 ಕಪ್ಪಿಗಾಗುತ್ತದೆ, ಒಂದು ಕಪ್ಪಿನಲ್ಲಿ ಅವರ ಪಾಲು ಅರವತ್ತು ಪೈಸೆ.

'ಹಾಗಾದರೆ ಕಪ್ಪಿಗೆ 44 ಕೊಡೋಣ, ರೈತನಿಗೆ ದುಪ್ಪಟ್ಟು ಆಗುತ್ತದೆ' ಎಂದು ಯಾರಾದರೂ ಹೇಳುತ್ತಾರೆ. ಹೇಳಲಿ. ಆ ನಾಲ್ಕು ರೂಪಾಯಿ ಗಲ್ಲಾಪೆಟ್ಟಿಗೆಯಿಂದ ಹೊರಟು ಮೂಡಿಗೆರೆಯ ತೋಟದವರೆಗೆ ಯಾವ ದಾರಿಯಲ್ಲಿ ಹೋಗುತ್ತದೆ, ನಡುವೆ ಯಾರು ತಡೆಯಬಹುದು, ತಲುಪಿತೆಂದು ಯಾರು ನೋಡುತ್ತಾರೆ ಎಂದು ಕೇಳಿ. ಚೀಲದ ಆಟ ಆಡಿದ ಮಕ್ಕಳು ಸಂಘ, ಬರೆದಿಟ್ಟ ದರ, ತಪಾಸಣೆ ಮೂರನ್ನೂ ಇಲ್ಲಿಗೆ ತಂದು ಜೋಡಿಸುತ್ತಾರೆ. ಒಳ್ಳೆಯ ಮನಸ್ಸಿನಿಂದ ಹೆಚ್ಚಿಗೆ ಕೊಟ್ಟ ಹಣಕ್ಕೆ ತಾನಾಗಿ ದಾರಿ ಗೊತ್ತಿರುವುದಿಲ್ಲ.

ಕನಿಷ್ಠ ದರ ಹೇಗೆ ಕೆಲಸ ಮಾಡುತ್ತದೆಂದು ತೋರಿಸಲು ಒಂದು ಗ್ರಾಫ್ ಹಾಳೆ ಸಾಕು. ಅರೇಬಿಕಾದ ಅಂತರರಾಷ್ಟ್ರೀಯ ದರ ನಿಗದಿಯಾಗುವುದು ನ್ಯೂಯಾರ್ಕ್ ವಿನಿಮಯ ಕೇಂದ್ರದಲ್ಲಿ, ಕಾಫಿಯ ಇನ್ನೊಂದು ಬಗೆಯಾದ ರೊಬಸ್ಟಾದ್ದು ಲಂಡನ್ನಿನಲ್ಲಿ. 2019ರಲ್ಲಿ ಅರೇಬಿಕಾ ಪೌಂಡಿಗೆ, ಅಂದರೆ 454 ಗ್ರಾಮಿಗೆ, ಒಂದು ಡಾಲರಿಗಿಂತ ಕೆಳಗಿಳಿದಿತ್ತು. ಆಗ ಫೇರ್‌ಟ್ರೇಡ್ ಕನಿಷ್ಠ ದರ 1.40 ಡಾಲರ್. 2023ರ ಆಗಸ್ಟ್‌ನಿಂದ ಅದು 1.80. 2025ರ ಫೆಬ್ರವರಿಯಲ್ಲಿ ಮಾರುಕಟ್ಟೆ ದರವೇ 4 ಡಾಲರ್ ದಾಟಿತು. ಕನಿಷ್ಠ ದರ ಮತ್ತು ಮಾರುಕಟ್ಟೆ ದರದಲ್ಲಿ ಯಾವುದು ಹೆಚ್ಚೋ ಅದನ್ನು ಕೊಡಬೇಕೆಂಬುದು ನಿಯಮ. ಮಕ್ಕಳು ಎರಡು ಬಣ್ಣದಲ್ಲಿ ಗೆರೆ ಎಳೆದಾಗ 2019ರಲ್ಲಿ ಕನಿಷ್ಠ ದರದ ಗೆರೆ ಮೇಲಿರುತ್ತದೆ, 2025ರಲ್ಲಿ ಬಹಳ ಕೆಳಗೆ. ಬೆಲೆ ಏರಿದಾಗ ಇದರ ಉಪಯೋಗವೇನು ಎಂಬ ಪ್ರಶ್ನೆ ಬಂದರೆ ಅದು ಸರಿಯಾದ ಪ್ರಶ್ನೆ. ಆಗ ಉಳಿಯುವುದು ಪ್ರೀಮಿಯಂ ಮತ್ತು ಸಂಘ. ಸಂಘಕ್ಕೂ ಅಂಥ ವರ್ಷ ಸುಲಭವಲ್ಲ: ಗೇಟಿಗೇ ಬಂದು ನಗದು ಕೊಡುವ ವ್ಯಾಪಾರಿಗೆ ಸದಸ್ಯರು ಮಾರಿಬಿಡುತ್ತಾರೆ, ಮೊದಲೇ ಒಪ್ಪಿಕೊಂಡ ಮಾಲನ್ನು ಪೂರೈಸಲಾಗದೆ ಸಂಘ ಸಿಕ್ಕಿಬೀಳುತ್ತದೆ.

ಮುದ್ರೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಮನೆಯ ಅಡುಗೆಮನೆಯಿಂದ ಖಾಲಿ ಪೊಟ್ಟಣಗಳನ್ನು ತರಲು ಹೇಳಿದರೆ ಫೇರ್‌ಟ್ರೇಡ್ ಮುದ್ರೆ ಒಂದೂ ಸಿಗದೆ ಹೋಗಬಹುದು. ಭಾರತದ ಇಂಥ ಸರಕಿನ ದೊಡ್ಡ ಪಾಲು ರಫ್ತಿಗೆ ಹೋಗುತ್ತದೆ. ಸಿಗದಿದ್ದರೂ ಚಟುವಟಿಕೆ ವ್ಯರ್ಥವಲ್ಲ. ಸಿಕ್ಕ ಮುದ್ರೆಗಳನ್ನು ಕತ್ತರಿಸಿ ಚಾರ್ಟಿಗೆ ಅಂಟಿಸಿ, ಪ್ರತಿಯೊಂದೂ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆಂದು ಬರೆಸಿ. ಅಗ್‌ಮಾರ್ಕ್ ಗುಣಮಟ್ಟದ ದರ್ಜೆ ಹೇಳುತ್ತದೆ, ಜೈವಿಕ್ ಭಾರತ್ ಬೆಳೆದ ಕ್ರಮವನ್ನು, ಅಂದರೆ ಸಾವಯವ ಎಂಬುದನ್ನು. ಕಾಫಿ ಪೊಟ್ಟಣದ ಮೇಲೆ ಚಿಕೋರಿಯ ಪ್ರಮಾಣ ಇರಲೇಬೇಕು, ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ. ಬೆಳೆದವರಿಗೆ ಎಷ್ಟು ಸಿಕ್ಕಿತು ಎಂಬ ಪ್ರಶ್ನೆಯ ಕೆಳಗೆ ಚಾರ್ಟು ಖಾಲಿಯೇ ಉಳಿಯುತ್ತದೆ.

ಇದಕ್ಕೆ ನಮ್ಮ ಗಡಿಯದೇ ಒಂದು ಉದಾಹರಣೆ ಕೊಲ್ಹಾಪುರಿ ಚಪ್ಪಲಿ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು, ಎರಡು ರಾಜ್ಯಗಳಿಗೆ ಜಂಟಿಯಾಗಿ: ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಥಣಿ, ನಿಪ್ಪಾಣಿ ಕಡೆ ಚರ್ಮ ಹದಮಾಡುವ, ಅಟ್ಟೆ ಕತ್ತರಿಸುವ, ಜಡೆ ಹೆಣೆಯುವ ಕೈಗಳು ಬೇರೆಬೇರೆ. ಹೆಣಿಗೆಯ ಬಹಳಷ್ಟು ಕೆಲಸ ಹೆಂಗಸರದು. 2025ರ ಜೂನ್‌ನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಮಿಲಾನ್‌ನ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿ ತೋರಿಸಿ, ಎಲ್ಲಿಯದೆಂದು ಹೇಳದೆ, ಟೀಕೆ ಬಂದ ಮೇಲೆ ಭಾರತದ ಕರಕುಶಲವೇ ಪ್ರೇರಣೆಯೆಂದು ಒಪ್ಪಿಕೊಂಡಿತು. ಗೋಡೆಯ ಮೇಲೆ ನಕ್ಷೆ ಅಂಟಿಸಿ, ಅಥಣಿಯಿಂದ ದಾದರಿನ ಅಂಗಡಿಯವರೆಗೆ ದಾರ ಎಳೆದು, ಒಂದೊಂದು ಕೈ ಬದಲಾಗುವಲ್ಲಿ ಗುಂಡುಪಿನ್ನು ಚುಚ್ಚಿಸಿ. ಚಪ್ಪಲಿ ಎಲ್ಲಿ ತಯಾರಾಯಿತು ಎಂಬುದನ್ನು ಭೌಗೋಳಿಕ ಗುರುತು ಕಾಯುತ್ತದೆ. ಹೆಣೆದವಳಿಗೆ ಜೋಡಿಗೆ ಎಷ್ಟು ಎಂಬುದನ್ನು ಅದು ಹೇಳುವುದಿಲ್ಲ, ಅದಕ್ಕೆ ಬೇರೆಯೇ ಕರಾರು ಬೇಕು.

ನಿಜವಾದ ಒಂದು ಖರೀದಿ

ಆಟಗಳಷ್ಟೇ ಆದರೆ ಮಕ್ಕಳ ಮನಸ್ಸಿನಲ್ಲಿ ಉಳಿಯುವುದು 'ಪಾಪ ರೈತರು' ಎಂಬ ಮರುಕ. ಅದನ್ನು ದಾಟಿಸಲು ಒಂದು ನಿಜವಾದ ವ್ಯವಹಾರ ಮಾಡಿಸಬೇಕು. ಶಾಲೆಯ ವಾರ್ಷಿಕ ಸ್ನೇಹ ಸಮ್ಮೇಳನಕ್ಕೆ ಬಹುಮಾನದ ಬಟ್ಟೆಚೀಲಗಳು ಬೇಕು ಎನ್ನಿ. ಹತ್ತಿರದ ಒಂದು ಮಹಿಳಾ ಬಚತ್ ಗಟ್‌ನಿಂದ (ಸ್ವಸಹಾಯ ಗುಂಪಿನಿಂದ) ನೂರು ಚೀಲ ಕೊಳ್ಳುವ ಒಂದು ಪುಟದ ಕರಾರನ್ನು ಒಂಬತ್ತನೆಯ ತರಗತಿಯವರು ಬರೆಯಲಿ.

ದರ ನಿರ್ಧರಿಸುವ ಮೊದಲು ಬಟ್ಟೆ, ದಾರ, ಹೊಲಿಗೆಯ ಸಮಯ, ಕರೆಂಟು ಎಷ್ಟಾಗುತ್ತದೆಂದು ಆ ಹೆಂಗಸರನ್ನೇ ಕೇಳಬೇಕು. ಒಂದು ಚೀಲಕ್ಕೆ ಇಪ್ಪತ್ತು ನಿಮಿಷವಾದರೆ ನೂರಕ್ಕೆ 33 ಗಂಟೆ. ಮಹಾರಾಷ್ಟ್ರದ ಕನಿಷ್ಠ ಕೂಲಿಯ ಲೆಕ್ಕದಲ್ಲಿ ಅಷ್ಟು ಗಂಟೆಗೆ ಎಷ್ಟು ಎಂದು ಹುಡುಕಿ ಹೋಲಿಸಲಿ. ಮಕ್ಕಳು ಮೊದಲು ಬರೆದ ದರ ಇದಕ್ಕಿಂತ ಕಡಿಮೆ ಇರುವುದೇ ಹೆಚ್ಚು, ಏಕೆಂದರೆ ಅವರು ಅಂಗಡಿಯ ಬೆಲೆ ನೋಡಿ ಬರೆದಿರುತ್ತಾರೆ. ಕೇಳಿದರೆ ಅರ್ಧ ಹಣವನ್ನು ಬಡ್ಡಿಯಿಲ್ಲದೆ ಮುಂಗಡ ಕೊಡಬೇಕೆಂಬುದು ಕರಕುಶಲ ವಸ್ತುಗಳಿಗೆ ವಿಶ್ವ ಫೇರ್ ಟ್ರೇಡ್ ಸಂಘಟನೆಯ ನಿಯಮ, ಅದನ್ನು ಸೇರಿಸಲಿ. ಅಳತೆ ಸೆಂ.ಮೀ.ನಲ್ಲಿ ಇರಲಿ, ಒಂದು ಮಾದರಿ ಚೀಲಕ್ಕೆ ಎರಡೂ ಕಡೆಯವರು ಸಹಿ ಹಾಕಿ ಇಟ್ಟುಕೊಳ್ಳಲಿ. ಯಾವ ದೋಷಕ್ಕೆ ವಾಪಸು, ಯಾವುದಕ್ಕೆ ರಿಪೇರಿ, ಶಾಲೆಯವರೇ ಬಣ್ಣ ಬದಲಾಯಿಸಿದರೆ ಕೊಂಡ ಬಟ್ಟೆಯ ಖರ್ಚು ಯಾರದು ಎಂಬುದನ್ನೂ ಬರೆಯಲಿ. ಈ ಕೊನೆಯ ಸಾಲನ್ನು ದೊಡ್ಡವರ ಕರಾರುಗಳಲ್ಲೂ ಮರೆಯುತ್ತಾರೆ, ನಷ್ಟ ಹೊಲಿಯುವವರ ತಲೆಗೆ ಬರುತ್ತದೆ.

ಇದಕ್ಕೆ ಕನಿಷ್ಠ ಎರಡು ತಿಂಗಳು ಮುಂಚೆ ಶುರುಮಾಡಿ. ಸಾಮಾನ್ಯವಾಗಿ ಎಡವುವುದು ಹಣದ ಮಂಜೂರಾತಿಯಲ್ಲಿ. ಮಕ್ಕಳು ಅರ್ಧ ಮುಂಗಡ ಎಂದು ಬರೆದಿರುತ್ತಾರೆ. ಬಿಲ್ಲು ಬಂದ ಮೇಲಷ್ಟೇ ಹಣ ಎಂಬುದು ಕಚೇರಿಯ ಪದ್ಧತಿಯಾಗಿರುತ್ತದೆ. ಕರಾರಿಗೆ ಸಹಿ ಬೀಳುವ ಮೊದಲೇ ಮುಖ್ಯೋಪಾಧ್ಯಾಯರ ಬಳಿ ವಿದ್ಯಾರ್ಥಿಗಳೇ ಹೋಗಿ ಮುಂಗಡಕ್ಕೆ ಒಪ್ಪಿಗೆ ಪಡೆಯಲಿ, ಒಪ್ಪಿಗೆ ಸಿಗದಿದ್ದರೆ ಪಾಲಕ-ಶಿಕ್ಷಕ ಸಂಘವನ್ನು ಕೇಳಲಿ. ಮಾಲು ಬಂದ ದಿನ ಎಣಿಸಿ, ಮಾದರಿಯೊಂದಿಗೆ ಹೋಲಿಸಿ, ಉಳಿದ ಅರ್ಧ ಹಣವನ್ನು ಅಂದೇ ಕೊಟ್ಟು ರಸೀದಿ ಪಡೆಯಲಿ.